ಸ್ಟೇರಿಂಗ್ ತಿರುಗಿತು, ಗಾಲಿ ತಿರುಗಲಿಲ್ಲ

ನಮ್ಮ ಕೃಷ್ಣರಾಜನಗರ ಭತ್ತದ ಸೀಮೆ. ಪಕ್ಕದ ಹುಣಸೂರು, ಪಿರಿಯಾಪಟ್ಟಣ ಹೊಗೆಸೊಪ್ಪಿನ ಸೀಮೆ. ಎಚ್.ಡಿ. ಕೋಟೆ ಕಡೆ ಹತ್ತಿ, ರಾಗಿ ಬೆಳೆಯುತ್ತಾರೆ. ಬೆಳೆ ಯಾವುದೇ ಇರಲಿ, ಅದು ಹೊಲದಿಂದ ಪೇಟೆಗೆ ಹೋಗಬೇಕು. ಹಿಂದೆ ಎತ್ತಿನ ಗಾಡಿಯಲ್ಲಿ ಹೋಗುತ್ತಿತ್ತು. ಈಗ ಲಾರಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ.

ಹೊಸ ಲಾರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಹಳೇ ಲಾರಿ ಕೊಂಡು ಸಂಸಾರ ಸಾಗಿಸುವವರು ನಮ್ಮಲ್ಲಿ ಬಹಳ ಮಂದಿ. ಹಳೇ ಲಾರಿಗೆ ಬರುವ ಒಂದು ಕಾಯಿಲೆ ಸ್ಟೇರಿಂಗ್ ಲೂಸು. ಅದು ಒಂದೇ ದಿನಕ್ಕೆ ಬರುವುದಿಲ್ಲ. ದಿನಕ್ಕೆ ಕೂದಲೆಳೆಯಷ್ಟು ಬರುತ್ತದೆ. ಡ್ರೈವರನ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಅದಕ್ಕೇ ಅದು ಅಪಾಯ.

ಈ ಪಾಠದಲ್ಲಿ ನಾವು ಆ ಕಾಯಿಲೆಯನ್ನು ತಿಳಿಯೋಣ. ಅದು ಎಲ್ಲಿ ಹುಟ್ಟುತ್ತದೆ, ಹೇಗೆ ಹುಡುಕಬೇಕು, ಹೇಗೆ ಸರಿ ಮಾಡಬೇಕು ಎಂದು ನೋಡೋಣ.

ನಾಲೆ ಏರಿಯ ಮೇಲೆ

ನಮ್ಮ ಕಲಿಕಾ ಕೇಂದ್ರಕ್ಕೆ ಸಂಜೆ ಹೊತ್ತು ಒಬ್ಬ ಡ್ರೈವರಣ್ಣ ಬರುತ್ತಾರೆ. ಅವರದು ಹಳೇ ಟಾಟಾ ಲಾರಿ. ಪವರ್ ಸ್ಟೇರಿಂಗ್ ಇಲ್ಲ. ಸುಗ್ಗಿಯಲ್ಲಿ ಊರೂರಿಂದ ಭತ್ತದ ಮೂಟೆ ಹೇರಿಕೊಂಡು ಅಕ್ಕಿ ಗಿರಣಿಗೆ ಹಾಕುತ್ತಾರೆ.

ಅವರ ಲಾರಿಯ ಸ್ಟೇರಿಂಗ್ ಲೂಸಾಗಿತ್ತು. ಒಂದು ಗೇಣಿನಷ್ಟು ತಿರುಗಿಸಿದರೂ ಗಾಲಿ ಅಲ್ಲಾಡುತ್ತಿರಲಿಲ್ಲ. ನೇರ ರಸ್ತೆಯಲ್ಲೂ ಲಾರಿ ಆ ಕಡೆ ಈ ಕಡೆ ಎಳೆಯುತ್ತಿತ್ತು. ಒಂದು ಗ್ಯಾರೇಜಿಗೆ ಹೋದರು. ಅಲ್ಲಿ ಯಾರೂ ಲಾರಿಯ ಕೆಳಗೆ ಬಗ್ಗಿ ನೋಡಲಿಲ್ಲ. ಸ್ಟೇರಿಂಗ್ ಬಾಕ್ಸಿನ ಮೇಲಿರುವ ತಿರುಪನ್ನು ಬಿಗಿ ಮಾಡಿ ಕಳಿಸಿದರು. ಹತ್ತೇ ನಿಮಿಷದ ಕೆಲಸ.

ಸ್ಟೇರಿಂಗ್ ಬಿಗಿಯಾಯಿತು. ಡ್ರೈವರಣ್ಣನಿಗೆ ಸಂತೋಷವಾಯಿತು. ಮೂರನೇ ದಿನ ಮೂಟೆ ಹೇರಿಕೊಂಡು ನಾಲೆ ಏರಿಯ ಮೇಲೆ ಬರುತ್ತಿದ್ದರು. ಮೂಟೆಗಳ ಮೇಲೆ ನಾಲ್ಕು ಜನ ಹಮಾಲಿಗಳು ಕೂತಿದ್ದರು. ಎದುರಿಗೆ ಟ್ರ್ಯಾಕ್ಟರ್ ಬಂತು. ಇವರು ಲಾರಿಯನ್ನು ಎಡಕ್ಕೆ ಎಳೆದರು. ಟ್ರ್ಯಾಕ್ಟರ್ ದಾಟಿತು. ಕೈ ಸಡಿಲ ಬಿಟ್ಟರೆ ಸ್ಟೇರಿಂಗ್ ತಾನೇ ನೇರಕ್ಕೆ ಬರಬೇಕು. ಬರಲಿಲ್ಲ! ಎಡಕ್ಕೇ ಕಚ್ಚಿ ನಿಂತಿತು. ಗಾಬರಿಯಾಗಿ ಬಲಕ್ಕೆ ಎಳೆದರು. ಸ್ಟೇರಿಂಗ್ ತಿರುಗಿತು. ಗಾಲಿ ತಿರುಗಲಿಲ್ಲ. ಬ್ರೇಕ್ ತುಳಿದರು. ಎಡಗಡೆ ಮುಂದಿನ ಗಾಲಿ ಏರಿಯ ಅಂಚಿನಿಂದ ಒಂದೇ ಮೊಳ ದೂರದಲ್ಲಿ ನಿಂತಿತು. ಕೆಳಗೆ ನಾಲೆ ತುಂಬ ನೀರು.

ನಾಲೆ ಏರಿ ಎಂಥ ಜಾಗ ಎಂದು ನಮಗೆಲ್ಲ ಗೊತ್ತು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಒಂದು ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. 30 ಜನ ಸತ್ತರು. ಅದು ಸ್ಟೇರಿಂಗಿನಿಂದ ಆದದ್ದು ಎಂದು ನಾವು ಹೇಳುತ್ತಿಲ್ಲ. ನಾಲೆ ಪಕ್ಕದ ರಸ್ತೆಯಲ್ಲಿ ತಪ್ಪು ತಿದ್ದಿಕೊಳ್ಳಲು ಜಾಗವಿಲ್ಲ ಎಂದು ಹೇಳುತ್ತಿದ್ದೇವೆ.

ಹಿರಿಯ ಮೇಸ್ತ್ರಿಯ ಮಾತು

ಮಾರನೇ ದಿನ ಡ್ರೈವರಣ್ಣ ಪೇಟೆಯ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ಹೋದರು. ನಾವೂ ಜೊತೆಯಲ್ಲಿ ಹೋದೆವು. ಮೇಸ್ತ್ರಿ ಲಾರಿ ಹತ್ತಿ ಸ್ಟೇರಿಂಗ್ ಅಲ್ಲಾಡಿಸಿ ನೋಡಿದರು.

“ಯಾರಪ್ಪ ಇದನ್ನ ಬಿಗಿ ಮಾಡಿದ್ದು?”

“ಬೇರೆ ಕಡೆ ಮಾಡಿಸಿದ್ದೆ ಮೇಸ್ತ್ರಿಗಳೇ. ಲೂಸಿತ್ತು.”

“ಲೂಸು ಎಲ್ಲಿತ್ತು?”

“ಸ್ಟೇರಿಂಗಲ್ಲಿ.”

“ಸ್ಟೇರಿಂಗು ಅಂದ್ರೆ ಒಂದು ವಸ್ತು ಅಲ್ಲ ಕಣಪ್ಪ. ನಿನ್ನ ಕೈಯಿಂದ ಗಾಲಿಗಂಟ ಹತ್ತು ಗಂಟು ಅವೆ. ಯಾವ ಗಂಟು ಬಿಚ್ಚದೆ ಅಂತ ನೋಡ್ದೆ ಒಂದನ್ನೇ ಬಿಗಿದ್ರೆ? ಹಲ್ಲು ನೋವು ಅಂದೋನಿಗೆ ಕಾಲಿಗೆ ಪಟ್ಟಿ ಕಟ್ಟಿದಂಗಾಯ್ತದೆ.”

ಈ ಮಾತು ನಮ್ಮ ಇಡೀ ಪಾಠದ ಸಾರ. ಮೊದಲು ಹುಡುಕಬೇಕು. ಆಮೇಲೆ ಬಿಗಿ ಮಾಡಬೇಕು.

ಕೈಯಿಂದ ಗಾಲಿಯವರೆಗೆ

ಸ್ಟೇರಿಂಗ್ ತಿರುಗಿಸಿದಾಗ ಏನೇನು ನಡೆಯುತ್ತದೆ? ಒಂದೊಂದಾಗಿ ನೋಡೋಣ.

ಸ್ಟೇರಿಂಗಿನ ಕೆಳಗೆ ಒಂದು ಉದ್ದ ಕಂಬಿ ಇದೆ. ಕಂಬಿ ಸ್ಟೇರಿಂಗ್ ಬಾಕ್ಸಿನ ಒಳಗೆ ಹೋಗುತ್ತದೆ. ಬಾಕ್ಸಿನೊಳಗೆ ಕಂಬಿಯ ತುದಿಗೆ ತಿರುಪಿನ ಹಾಗೆ ಸುತ್ತು ಇರುತ್ತದೆ. ಅದರ ಮೇಲೆ ಒಂದು ದೊಡ್ಡ ನಟ್ಟು. ಬಹಳ ಲಾರಿಗಳಲ್ಲಿ ಆ ಸುತ್ತಿಗೂ ನಟ್ಟಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ನಟ್ಟಿನ ಹೊರಗೆ ಹಲ್ಲುಗಳಿವೆ. ಆ ಹಲ್ಲುಗಳು ಇನ್ನೊಂದು ಹಲ್ಲಿನ ಶಾಫ್ಟನ್ನು ತಿರುಗಿಸುತ್ತವೆ.

ಆ ಶಾಫ್ಟಿನ ತುದಿ ಬಾಕ್ಸಿನಿಂದ ಹೊರಗೆ ಬರುತ್ತದೆ. ಅದಕ್ಕೆ ಒಂದು ತೋಳು ಇದೆ. ಇದೇ ಡ್ರಾಪ್ ಆರ್ಮ್. ಡ್ರಾಪ್ ಆರ್ಮ್ ಒಂದು ಉದ್ದ ರಾಡನ್ನು ಮುಂದಕ್ಕೆ ಹಿಂದಕ್ಕೆ ತಳ್ಳುತ್ತದೆ. ಇದೇ ಡ್ರ್ಯಾಗ್ ಲಿಂಕ್. ಡ್ರ್ಯಾಗ್ ಲಿಂಕ್ ಒಂದು ಕಡೆಯ ಗಾಲಿಯನ್ನು ತಿರುಗಿಸುತ್ತದೆ. ಆ ಗಾಲಿಗೂ ಇನ್ನೊಂದು ಗಾಲಿಗೂ ಮತ್ತೊಂದು ರಾಡ್ ಇದೆ. ಅದೇ ಟೈ ರಾಡ್. ಅದರಿಂದ ಎರಡು ಗಾಲಿಯೂ ಒಟ್ಟಿಗೆ ತಿರುಗುತ್ತವೆ.

ಈ ರಾಡುಗಳ ತುದಿಯಲ್ಲಿ ಬಾಲ್ ಜಾಯಿಂಟ್‌ಗಳಿವೆ. ಒಂದು ಬಟ್ಟಲಿನಲ್ಲಿ ಒಂದು ಗುಂಡು ಆಡುವ ಹಾಗೆ ಅದರ ರಚನೆ. ನಮ್ಮ ಸೊಂಟದ ಕೀಲು ಇದ್ದ ಹಾಗೆ. ಧೂಳು, ನೀರು ಒಳಗೆ ಹೋಗದಿರಲಿ ಎಂದು ಅದಕ್ಕೆ ರಬ್ಬರ್ ಟೋಪಿ ಹಾಕಿರುತ್ತಾರೆ.

ಕೊನೆಗೆ ಕಿಂಗ್ ಪಿನ್. ಮನೆಯ ಬಾಗಿಲಿಗೆ ಕೀಲು ಹೇಗೋ ಮುಂದಿನ ಗಾಲಿಗೆ ಕಿಂಗ್ ಪಿನ್ ಹಾಗೆ. ಗಾಲಿ ಎಡಕ್ಕೆ ಬಲಕ್ಕೆ ತಿರುಗುವುದು ಅದರ ಸುತ್ತಲೇ. ಪಿನ್ನಿನ ಮೇಲೆ, ಕೆಳಗೆ ಬುಷ್ ಇರುತ್ತವೆ.

ಈಗ ಯೋಚಿಸಿ. ಒಂದೊಂದು ಗಂಟಿನಲ್ಲಿ ಒಂದೊಂದು ನೂಲಿನಷ್ಟು ಸವೆತ ಇದ್ದರೆ ಸಾಕು. ಎಲ್ಲ ಸೇರಿ ಸ್ಟೇರಿಂಗಿನಲ್ಲಿ ಒಂದು ಗೇಣಾಗುತ್ತದೆ.

ಎಷ್ಟು ಆಟ ಇರಬಹುದು?

ಗಾಲಿ ಅಲ್ಲಾಡದೆ ಸ್ಟೇರಿಂಗ್ ಎಷ್ಟು ತಿರುಗುತ್ತದೋ ಅದಕ್ಕೆ ‘ಆಟ’ ಅಥವಾ ‘ಪ್ಲೇ’ ಎನ್ನುತ್ತಾರೆ. ಸ್ವಲ್ಪವೂ ಆಟ ಇಲ್ಲದ ಲಾರಿ ಇಲ್ಲ. ಎಷ್ಟು ಎಂಬುದೇ ಪ್ರಶ್ನೆ.

ಇದಕ್ಕೆ ಕಾನೂನಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೇ ನಿಯಮ ನೋಡಿ. ಸ್ಟೇರಿಂಗಿನ ಆಟ 30 ಡಿಗ್ರಿ ಮೀರಬಾರದು. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಟೋಪಿ ಇರಬೇಕು. ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು.

30 ಡಿಗ್ರಿ ಎಂದರೆ ಎಷ್ಟು? ಗಡಿಯಾರ ನೋಡಿ. 12ರಿಂದ 1ಕ್ಕೆ ಎಷ್ಟು ಜಾಗವೋ ಅಷ್ಟೇ 30 ಡಿಗ್ರಿ. ಅಂದರೆ ಇಡೀ ಸುತ್ತಿನ ಹನ್ನೆರಡನೇ ಒಂದು ಭಾಗ.

ಲೆಕ್ಕ ಮಾಡೋಣ. ಡ್ರೈವರಣ್ಣ ಟೇಪು ಹಿಡಿದು ಸ್ಟೇರಿಂಗಿನ ಸುತ್ತಳತೆ ತೆಗೆದರು. 150 ಸೆಂಟಿಮೀಟರ್ ಬಂತು.

150 ÷ 12 = 12.5

ಅಂದರೆ ಆ ಲಾರಿಗೆ ಕಾನೂನಿನ ಗಡಿ ಹನ್ನೆರಡೂವರೆ ಸೆಂಟಿಮೀಟರ್. ಬಾಕ್ಸಿನ ತಿರುಪನ್ನು ಮೊದಲಿದ್ದ ಜಾಗಕ್ಕೆ ಬಿಟ್ಟು ಆಟ ಅಳೆದರು. 20 ಸೆಂಟಿಮೀಟರ್ ಬಂತು!

ಇದು ಕಾನೂನಿನ ಕಟ್ಟಕಡೆಯ ಗಡಿ. ಇಷ್ಟಾಗುವವರೆಗೆ ಕಾಯಬೇಕು ಎಂದು ಅರ್ಥವಲ್ಲ. ಅಮೆರಿಕದಲ್ಲಿ ಲಾರಿ ಡ್ರೈವರುಗಳಿಗೆ ಕೊಡುವ ಕೈಪಿಡಿ 10 ಡಿಗ್ರಿಗೇ ನಿಲ್ಲಿಸುತ್ತದೆ. 20 ಇಂಚು ಅಗಲದ ಸ್ಟೇರಿಂಗಿಗೆ ಅದು ಸುಮಾರು 2 ಇಂಚು. ಅದಕ್ಕಿಂತ ಹೆಚ್ಚಾದರೆ ಲಾರಿಯನ್ನು ಹಿಡಿತದಲ್ಲಿಡುವುದು ಕಷ್ಟ ಎಂದು ಅದು ಹೇಳುತ್ತದೆ.

ಅಳೆಯುವುದು ಸುಲಭ. ಗಾಲಿ ನೇರ ಇರಲಿ. ಎಂಜಿನ್ ಆಫ್ ಇರಲಿ. ಸ್ಟೇರಿಂಗಿಗೆ ಒಂದು ದಾರ ಕಟ್ಟಿ ಗುರುತು ಮಾಡಿ. ಮೆಲ್ಲಗೆ ಎಡಕ್ಕೆ ತಿರುಗಿಸಿ. ಗಾಲಿ ಅಲ್ಲಾಡಲು ಶುರುವಾದ ಕೂಡಲೇ ನಿಲ್ಲಿಸಿ, ದಾರ ಎಲ್ಲಿದೆ ಎಂದು ಗುರುತಿಡಿ. ಹಾಗೇ ಬಲಕ್ಕೆ ತಿರುಗಿಸಿ ಗುರುತಿಡಿ. ಎರಡು ಗುರುತಿನ ನಡುವಿನ ದೂರವೇ ಆಟ. ಪವರ್ ಸ್ಟೇರಿಂಗ್ ಇರುವ ಲಾರಿಯಾದರೆ ಎಂಜಿನ್ ಓಡುತ್ತಿರುವಾಗ ಅಳೆಯಬೇಕು.

ಇಬ್ಬರು ಸೇರಿ ಹುಡುಕುವುದು

ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಇಬ್ಬರು ಮನುಷ್ಯರು ಮತ್ತು ಒಂದು ಬ್ಯಾಟರಿ ದೀಪ ಸಾಕು.

ಮಟ್ಟಸ ನೆಲದಲ್ಲಿ ಲಾರಿ ನಿಲ್ಲಿಸಿ. ಹೊರೆ ಇರಬಾರದು. ಹ್ಯಾಂಡ್ ಬ್ರೇಕ್ ಹಾಕಿ. ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಎಂಜಿನ್ ಆಫ್ ಮಾಡಿ. ಒಬ್ಬರು ಮೇಲೆ ಕೂತು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ನೋಡಲಿ. ನೋಡುವವರು ಮೇಲಿನಿಂದ ಶುರುಮಾಡಿ ಗಾಲಿಯ ಕಡೆಗೆ ಬರಬೇಕು.

1. ಸ್ಟೇರಿಂಗ್ ಕಂಬಿಯ ಜಾಯಿಂಟ್ ನೋಡಿ. ಮೇಲಿನ ಕಂಬಿ ತಿರುಗಿ ಕೆಳಗಿನದು ತಡವಾಗಿ ತಿರುಗಿದರೆ ಜಾಯಿಂಟ್ ಸವೆದಿದೆ, ಇಲ್ಲವೇ ಅದರ ಬೋಲ್ಟು ಸಡಿಲವಾಗಿದೆ.

2. ಸ್ಟೇರಿಂಗ್ ಬಾಕ್ಸ್ ನೋಡಿ. ಬಾಕ್ಸೇ ಅಲ್ಲಾಡಿದರೆ ಅದನ್ನು ಚಾಸಿಗೆ ಹಿಡಿದ ಬೋಲ್ಟುಗಳು ಸಡಿಲ. ಆ ಜಾಗದಲ್ಲಿ ಚಾಸಿ ಬಿರುಕು ಬಿಟ್ಟಿದೆಯೇ ಎಂದೂ ಒರೆಸಿ ನೋಡಿ.

3. ಬಾಕ್ಸಿಗೆ ಹೋಗುವ ಕಂಬಿ ತಿರುಗುತ್ತದೆ, ಡ್ರಾಪ್ ಆರ್ಮ್ ತಿರುಗುವುದಿಲ್ಲ. ಹಾಗಾದರೆ ಸವೆತ ಬಾಕ್ಸಿನೊಳಗೆ ಇದೆ.

4. ಡ್ರಾಪ್ ಆರ್ಮ್ ಆಡುತ್ತದೆ, ಡ್ರ್ಯಾಗ್ ಲಿಂಕ್ ತಡವಾಗಿ ಆಡುತ್ತದೆ. ಹಾಗಾದರೆ ಅಲ್ಲಿನ ಬಾಲ್ ಜಾಯಿಂಟ್ ಸವೆದಿದೆ.

5. ಡ್ರ್ಯಾಗ್ ಲಿಂಕಿನ ಇನ್ನೊಂದು ತುದಿ, ಟೈ ರಾಡಿನ ಎರಡು ತುದಿ, ಎಲ್ಲವನ್ನೂ ಹೀಗೇ ನೋಡಿ.

ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ. ಜಾಯಿಂಟಿನ ಹೊರಮೈ ಮೇಲೆ ಬೆರಳಿಡಿ. ಟಕ್ ಟಕ್ ಎಂದು ಬಡಿಯುವುದು ಗೊತ್ತಾಗುತ್ತದೆ. ಆದರೆ ಎರಡು ಕಬ್ಬಿಣದ ನಡುವೆ ಬೆರಳು ಹಾಕಬೇಡಿ.

ಜಾಕಿ ಕೊಟ್ಟು ನೋಡುವುದು

ಈಗ ಮುಂದಿನ ಅಚ್ಚನ್ನು ಎತ್ತಬೇಕು. ಒಂದು ಎಚ್ಚರಿಕೆ. ಬರೀ ಜಾಕಿಯ ಮೇಲೆ ನಿಂತ ಲಾರಿಯ ಕೆಳಗೆ ಯಾರೂ ಹೋಗಬಾರದು. ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಅಥವಾ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೊಡಬೇಡಿ. ಅವು ಇದ್ದಕ್ಕಿದ್ದ ಹಾಗೆ ಒಡೆಯುತ್ತವೆ.

ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಡಿದರೆ ದೋಷ ಕಿಂಗ್ ಪಿನ್ನಿನಲ್ಲಿ ಇರಬಹುದು. ಹಬ್ ಬೇರಿಂಗಿನಲ್ಲೂ ಇರಬಹುದು. ಯಾವುದು ಎಂದು ತಿಳಿಯುವುದು ಹೇಗೆ? ಮೇಲಿದ್ದವರಿಗೆ ಬ್ರೇಕ್ ತುಳಿಯಲು ಹೇಳಿ. ಮತ್ತೆ ಅಲ್ಲಾಡಿಸಿ. ಆಟ ನಿಂತರೆ ದೋಷ ಬೇರಿಂಗಿನದು. ಬ್ರೇಕ್ ತುಳಿದರೂ ಆಟ ಇದ್ದರೆ ದೋಷ ಕಿಂಗ್ ಪಿನ್ನಿನದು.

ಡ್ರೈವರಣ್ಣನ ಲಾರಿಯಲ್ಲಿ ಸಿಕ್ಕಿದ್ದು

ಅರ್ಧ ಗಂಟೆ ಹುಡುಕಿದ ಮೇಲೆ ಮೂರು ದೋಷ ಸಿಕ್ಕವು.

ಡ್ರ್ಯಾಗ್ ಲಿಂಕಿನ ಮುಂದಿನ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದಿತ್ತು. ಒಳಗೆ ಗ್ರೀಸ್ ಬದಲು ಗದ್ದೆ ಮಣ್ಣು ಸೇರಿತ್ತು. ಎಡಗಡೆ ಕಿಂಗ್ ಪಿನ್ನಿನ ಬುಷ್ ಸವೆದು ಅಂಡಾಕಾರವಾಗಿತ್ತು. ಬಾಕ್ಸನ್ನು ಹಿಡಿದ ಒಂದು ಬೋಲ್ಟು ಸಡಿಲವಾಗಿತ್ತು.

ಬಾಕ್ಸಿನ ಒಳಗೆ ಆಟ ಬಹಳ ಕಡಿಮೆ ಇತ್ತು. ಅಂದರೆ ಕಾಯಿಲೆ ಇಲ್ಲದ ಜಾಗಕ್ಕೇ ಮೊದಲು ಔಷಧಿ ಹಾಕಿದ್ದರು!

ಸರಿ ಮಾಡುವ ಕ್ರಮ

ಸವೆದ ಬಾಲ್ ಜಾಯಿಂಟನ್ನು ಬದಲಾಯಿಸಬೇಕು. ಕೆಲವರು ಬಡಿದು, ವೆಲ್ಡಿಂಗ್ ಹಾಕಿ ಬಿಗಿ ಮಾಡುತ್ತಾರೆ. ಸ್ಟೇರಿಂಗಿನ ತೋಳು, ರಾಡು, ಜಾಯಿಂಟುಗಳಿಗೆ ವೆಲ್ಡಿಂಗ್ ಬೇಡವೇ ಬೇಡ. ಬೆಂಕಿ ತಾಗಿದ ಉಕ್ಕಿನ ಹದ ಕೆಡುತ್ತದೆ. ಅದು ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ.

ನಟ್ಟು ಬಿಗಿ ಮಾಡಿದ ಮೇಲೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಕಿವಿ ಮಡಿಸಬೇಕು. ಹಳೇ ಪಿನ್ನನ್ನು, ತಂತಿಯ ತುಂಡನ್ನು ಹಾಕಬಾರದು. ಎತ್ತಿನ ಗಾಡಿಗೆ ಕಡಾಣಿ ಹೇಗೋ ಈ ನಟ್ಟಿಗೆ ಸ್ಪ್ಲಿಟ್ ಪಿನ್ ಹಾಗೆ. ಕಡಾಣಿ ಬಿದ್ದರೆ ಗಾಲಿ ಕಳಚುತ್ತದೆ ಎಂದು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಿಂಗ್ ಪಿನ್ ಸವೆದಿದ್ದರೆ ಪಿನ್ನು, ಬುಷ್ಷು ಎರಡನ್ನೂ ಬದಲಾಯಿಸಬೇಕು. ಹೊಸ ಬುಷ್ಷನ್ನು ರೀಮರ್ ಹಾಕಿ ಅಳತೆಗೆ ತರಬೇಕು. ಇದು ಅನುಭವ ಇರುವ ಮೇಸ್ತ್ರಿಯ ಕೆಲಸ. ಡ್ರೈವರಣ್ಣ ಎಡಗಡೆ ಮಾತ್ರ ಸಾಕು ಎಂದರು. ಮೇಸ್ತ್ರಿ ಒಪ್ಪಲಿಲ್ಲ. “ಎರಡು ಗಾಲಿನೂ ಒಂದೇ ದಾರಿ ಸವೆಸವೆ. ಒಂದಕ್ಕೆ ಹೊಸ ಕಾಲು, ಒಂದಕ್ಕೆ ಹಳೇ ಕಾಲು ಬ್ಯಾಡ ಕಣಪ್ಪ” ಎಂದರು.

ಟೈ ರಾಡಿನ ತುದಿ ಬಿಚ್ಚಿದರೆ ಎಷ್ಟು ಸುತ್ತು ಬಿಚ್ಚಿದಿರಿ ಎಂದು ಎಣಿಸಿ ಬರೆದಿಡಿ. ಹೊಸದನ್ನು ಅಷ್ಟೇ ಸುತ್ತು ಹಾಕಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಇಲ್ಲದಿದ್ದರೆ ಎರಡು ಗಾಲಿ ಎರಡು ದಿಕ್ಕು ನೋಡುತ್ತವೆ. ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಬಾಕ್ಸಿನ ತಿರುಪು ಕೊನೆಗೆ

ಎಲ್ಲ ಜಾಯಿಂಟ್ ಸರಿಯಾದ ಮೇಲೂ ಆಟ ಉಳಿದರೆ ಮಾತ್ರ ಬಾಕ್ಸಿನ ತಿರುಪಿಗೆ ಕೈ ಹಾಕಬೇಕು. ಮೊದಲು ಬಾಕ್ಸಿನಲ್ಲಿ ಆಯಿಲ್ ಇದೆಯೇ ನೋಡಿ. ಸೀಲಿನಿಂದ ಸೋರುತ್ತಿದ್ದರೆ ಸೀಲ್ ಬದಲಾಯಿಸಿ.

ನಾವು ಬಹಳ ಹೊತ್ತು ಲಾರಿ ಓಡಿಸುವುದು ನೇರಕ್ಕೆ. ಆದ್ದರಿಂದ ಬಾಕ್ಸಿನ ಹಲ್ಲುಗಳು ನಡುವೆ ಹೆಚ್ಚು ಸವೆಯುತ್ತವೆ, ಅಂಚಿನಲ್ಲಿ ಕಡಿಮೆ ಸವೆಯುತ್ತವೆ. ನಡುವಿನ ಆಟ ಪೂರ್ತಿ ಹೋಗಲಿ ಎಂದು ತಿರುಪು ಬಿಗಿದರೆ ಅಂಚಿನಲ್ಲಿ ಹಲ್ಲು ಕಚ್ಚಿಕೊಳ್ಳುತ್ತದೆ. ಆಗ ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ನಾಲೆ ಏರಿಯ ಮೇಲೆ ಆದದ್ದು ಇದೇ.

ಸರಿಯಾದ ಕ್ರಮ ಹೀಗಿದೆ. ಡ್ರ್ಯಾಗ್ ಲಿಂಕ್ ಬಿಚ್ಚಿ. ಸ್ಟೇರಿಂಗ್ ನೇರಕ್ಕೆ ತನ್ನಿ. ತಿರುಪಿನ ಲಾಕ್ ನಟ್ಟು ಸಡಿಲಿಸಿ. ತಿರುಪನ್ನು ಕಾಲು ಸುತ್ತಿನ ಅರ್ಧದಷ್ಟು ಮಾತ್ರ ತಿರುಗಿಸಿ. ತಿರುಪು ತಿರುಗದಂತೆ ಹಿಡಿದು ಲಾಕ್ ನಟ್ಟು ಬಿಗಿ ಮಾಡಿ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಲ್ಲೂ ಕಚ್ಚಬಾರದು. ಕಚ್ಚಿದರೆ ತಿರುಪನ್ನು ಹಿಂದಕ್ಕೆ ಬಿಡಿ. ಕಚ್ಚದ ಹಾಗೆ ಬಿಟ್ಟಾಗ ಲೂಸು, ಲೂಸು ತೆಗೆದಾಗ ಕಚ್ಚುವುದು ಎಂದಾದರೆ ಬಾಕ್ಸಿನೊಳಗಿನ ಭಾಗಗಳನ್ನೇ ಬದಲಾಯಿಸಬೇಕು.

ಲೂಸಲ್ಲದ ಲೂಸು

ಕೆಲವು ಸಲ ಸ್ಟೇರಿಂಗ್ ಸರಿಯಾಗಿದ್ದರೂ ಲಾರಿ ಎಳೆದಾಡುತ್ತದೆ. ಮುಂದಿನ ಟೈರುಗಳಲ್ಲಿ ಗಾಳಿ ಕಡಿಮೆ ಇರಬಹುದು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಇರಬಹುದು. ಸ್ಪ್ರಿಂಗ್ ಪಟ್ಟೆಯನ್ನು ಅಚ್ಚಿಗೆ ಹಿಡಿದ ಯು ಬೋಲ್ಟ್ ಸಡಿಲವಾಗಿ ಅಚ್ಚೇ ಜರುಗಿರಬಹುದು.

ಹೊರೆಯೂ ಕಾರಣವಾಗುತ್ತದೆ. ಕಬ್ಬು, ಹುಲ್ಲು ಹೇರುವಾಗ ಹಿಂದಕ್ಕೆ ಬಹಳ ಚಾಚಿ ಹೇರುತ್ತೇವೆ. ಆಗ ಏತದ ಹಾಗೆ ಹಿಂದೆ ತಗ್ಗಿ ಮುಂದೆ ಏಳುತ್ತದೆ. ಮುಂದಿನ ಗಾಲಿ ನೆಲವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಸ್ಟೇರಿಂಗ್ ಹಗುರವಾಗುತ್ತದೆ. ಇದಕ್ಕೆ ಮೇಸ್ತ್ರಿ ಬೇಡ, ಹೊರೆ ಸರಿಯಾಗಿ ಹೇರಿದರೆ ಸಾಕು.

ಪುಸ್ತಕದಲ್ಲಿ ಬರೆಯಿರಿ

ಕೆಲಸ ಮುಗಿದ ಮೇಲೆ ಆಟ ಮತ್ತೆ ಅಳೆದರು. 20 ಇದ್ದದ್ದು 4 ಸೆಂಟಿಮೀಟರಿಗೆ ಬಂತು. ಡ್ರೈವರಣ್ಣ ಖಾಲಿ ಲಾರಿಯನ್ನು ಮೊದಲು ಮೈದಾನದಲ್ಲಿ, ಆಮೇಲೆ ನಿಧಾನವಾಗಿ ರಸ್ತೆಯಲ್ಲಿ ಓಡಿಸಿದರು. ತಿರುವು ಮುಗಿದ ಕೂಡಲೇ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಂತು.

ಹೊರಡುವಾಗ ಅವರು ಹಳೇ ಜಾಯಿಂಟು, ಬುಷ್ಷುಗಳನ್ನು ಕೇಳಿ ಪಡೆದರು. ಬಿಲ್ಲಿನಲ್ಲಿ ಬರೆದ ಒಂದೊಂದು ಭಾಗದ ಹೆಸರನ್ನೂ ಬೆರಳಿಟ್ಟು ಓದಿದರು. ಮೊದಲು ಅವರು ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೆ.

ಈಗ ಅವರ ಲಾರಿಯಲ್ಲಿ ಒಂದು ಸಣ್ಣ ಪುಸ್ತಕ ಇದೆ. ತಾರೀಖು, ಓಡಿದ ಕಿಲೋಮೀಟರ್, ಗ್ರೀಸ್ ಹಾಕಿದ ದಿನ, ಸ್ಟೇರಿಂಗಿನ ಆಟ ಎಷ್ಟು, ಎಲ್ಲವನ್ನೂ ತಾವೇ ಬರೆಯುತ್ತಾರೆ. ಕೈ ಮರೆಯುತ್ತದೆ, ಪುಸ್ತಕ ಮರೆಯುವುದಿಲ್ಲ. ಎಂಟು ವರ್ಷ ದಾಟಿದ ಲಾರಿಗೆ ವರ್ಷಕ್ಕೊಮ್ಮೆ ಎಫ್.ಸಿ. ಮಾಡಿಸಬೇಕು. ಆ ದಿನವನ್ನೂ ಬರೆದಿಟ್ಟಿದ್ದಾರೆ.

ಹಮಾಲಿಗಳನ್ನು ಮೂಟೆಗಳ ಮೇಲೆ ಕೂರಿಸುವುದನ್ನೂ ಅವರು ಬಿಟ್ಟಿದ್ದಾರೆ.

ನೆನಪಿಡಿ

• ಮೊದಲು ಹುಡುಕಿ, ಆಮೇಲೆ ಬಿಗಿ ಮಾಡಿ.
• ಬಾಕ್ಸಿನ ತಿರುಪು ಕೊನೆಯ ಕೆಲಸ, ಮೊದಲನೆಯದಲ್ಲ.
• ರಬ್ಬರ್ ಟೋಪಿ ಹರಿದರೆ ಆ ವಾರವೇ ಬದಲಾಯಿಸಿ.
• ಗ್ರೀಸ್ ಹಾಕುವಾಗ ಕೊಳೆ ಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೆ ಹಾಕಿ.
• ಸ್ಟೇರಿಂಗ್ ಕಚ್ಚಿಕೊಂಡರೆ ಅಥವಾ ಇದ್ದಕ್ಕಿದ್ದಂತೆ ಲೂಸಾದರೆ ಲಾರಿ ಅಲ್ಲೇ ನಿಲ್ಲಿಸಿ. “ಊರು ಮುಟ್ಟಿಸಿಬಿಡೋಣ” ಎನ್ನಬೇಡಿ.

ಅಭ್ಯಾಸ

ಉತ್ತರ ಬರೆಯಿರಿ:
1. ಸ್ಟೇರಿಂಗಿನ ಆಟ ಎಂದರೇನು?
2. ಗಾಲಿ ಅಲ್ಲಾಡಿದರೆ ದೋಷ ಕಿಂಗ್ ಪಿನ್ನಿನದೋ ಬೇರಿಂಗಿನದೋ ಎಂದು ಹೇಗೆ ತಿಳಿಯುತ್ತೀರಿ?
3. ಮೊದಲ ಗ್ಯಾರೇಜಿನಲ್ಲಿ ಮಾಡಿದ ತಪ್ಪು ಏನು?

ಬಿಟ್ಟ ಜಾಗ ತುಂಬಿ:
1. ಗಡಿಯಾರದಲ್ಲಿ 12ರಿಂದ 1ಕ್ಕೆ ........ ಡಿಗ್ರಿ.
2. ಎತ್ತಿನ ಗಾಡಿಗೆ ಕಡಾಣಿ, ಸ್ಟೇರಿಂಗಿನ ನಟ್ಟಿಗೆ ................ .

ಲೆಕ್ಕ ಮಾಡಿ:
ಒಂದು ಲಾರಿಯ ಸ್ಟೇರಿಂಗ್ ಸುತ್ತಳತೆ 144 ಸೆಂಟಿಮೀಟರ್. ಅದರ ಆಟ 15 ಸೆಂಟಿಮೀಟರ್ ಇದೆ. ಇದು ಕಾನೂನಿನ ಗಡಿಯ ಒಳಗಿದೆಯೇ, ಹೊರಗಿದೆಯೇ?

ಗುಂಪಿನಲ್ಲಿ ಮಾತಾಡಿ:
ನಿಮ್ಮ ಊರಿನ ಲಾರಿ, ಟ್ರ್ಯಾಕ್ಟರುಗಳಲ್ಲಿ ಹೊರೆಯ ಮೇಲೆ ಜನ ಕೂರುತ್ತಾರೆಯೇ? ಅದನ್ನು ನಿಲ್ಲಿಸಲು ನಾವೇನು ಮಾಡಬಹುದು?